ಗೋಕರ್ಣದಲ್ಲಿ ಒಣಗದ ಸೀರೆ

ನಮ್ಮ ಕೊಟ್ಟಿಗೆಯ ಗೋಡೆ ಮೇಲೆ ಒಂದು ಗೆರೆ ಇದೆ. ನಾನು ಪಕ್ಕದಲ್ಲಿ ನಿಂತರೆ ಎದೆಮಟ್ಟಕ್ಕೆ ಬರುತ್ತದೆ. ಗೆರೆಯ ಮೇಲೆ ಸುಣ್ಣ ಬೆಳ್ಳಗಿದೆ, ಕೆಳಗೆ ಮಾಸಲು. 2019ರ ಆಗಸ್ಟ್‌ನಲ್ಲಿ ಕಪಿಲೆ ಬಂದು ಎಳೆದುಹೋದ ಗೆರೆ ಅದು. ಎರಡು ಸಲ ಸುಣ್ಣ ಹೊಡೆಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೂಡುತ್ತದೆ.

ನಮ್ಮದು ಸುತ್ತೂರು. ನಂಜನಗೂಡಿನಿಂದ ಕೆಳಕ್ಕೆ ಹರಿದುಬರುವ ಕಪಿಲೆ ನಮ್ಮೂರನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಚಳಿಗಾಲದ ಕೊನೆಗೆ ಇಲ್ಲಿ ನಡೆಯುವ ಜಾತ್ರೆಗೆ ನಿಮ್ಮಲ್ಲಿ ಹಲವರು ಬಂದಿರುತ್ತೀರಿ. ಆಗ ನೀವು ನೋಡಿದ ಹೊಳೆ ಬಟ್ಟೆ ಒಗೆಯುವ, ಎಮ್ಮೆ ತೊಳೆಯುವ ಸಾಧು ಹೊಳೆ. ಗೆರೆ ಎಳೆದವಳೂ ಅವಳೇ ಎಂದರೆ ನಂಬುವುದು ಕಷ್ಟ.

ನಮ್ಮ ಮೊಮ್ಮಗ ನಾಲ್ಕನೇ ಕ್ಲಾಸು. ಹೋದ ವರ್ಷ ಅವರ ಮೇಷ್ಟ್ರು ‘ನಮ್ಮೂರಿನ ಹವಾಮಾನ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದುಕೊಂಡು ಬರಲು ಹೇಳಿದ್ದರು. ಏಳನೇ ವಾಕ್ಯ ಹೀಗಿತ್ತು: ‘2019ರಲ್ಲಿ ನಮ್ಮೂರಿನಲ್ಲಿ ತುಂಬಾ ಮಳೆ ಬಂದು ಪ್ರವಾಹ ಬಂತು.’

“ಇದು ತಪ್ಪು ಕಣಪ್ಪ,” ಎಂದೆ. “ಅವತ್ತು ನಮ್ಮೂರಲ್ಲಿ ಬರೀ ಸೋನೆ. ಒಣಹಾಕಿದ್ದ ಸೀರೆ ತೆಗೀಬೇಕೋ ಬೇಡ್ವೋ ಅನ್ನೋ ಅಷ್ಟು.”

“ಮಳೆ ಬರದೆ ಪ್ರವಾಹ ಹೆಂಗ್ ಬತ್ತದೆ ಅಜ್ಜಿ? ಸುಳ್ಳು ಹೇಳ್ಬೇಡ.”

ಅವನು ವಾಕ್ಯ ತಿದ್ದಲಿಲ್ಲ. ಮೇಷ್ಟ್ರು ಅದಕ್ಕೆ ‘ಸರಿ’ ಗುರುತನ್ನೂ ಹಾಕಿಬಿಟ್ಟರು! ನನಗೆ ಆ ‘ಸರಿ’ ಗುರುತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಗೋಕರ್ಣಕ್ಕೆ ಹೋಗಬೇಕೆಂಬುದು ನನ್ನ ಹಳೆಯ ಆಸೆ. ನಂಜನಗೂಡನ್ನು ದಕ್ಷಿಣ ಕಾಶಿ ಎನ್ನುತ್ತೇವೆ; ಗೋಕರ್ಣವನ್ನೂ ದಕ್ಷಿಣ ಕಾಶಿ ಎನ್ನುತ್ತಾರೆ. ಒಂದು ಕಾಶಿಯಲ್ಲಿ ಹುಟ್ಟಿ ಬೆಳೆದ ಮೇಲೆ ಇನ್ನೊಂದನ್ನು ನೋಡದೆ ಕಣ್ಣು ಮುಚ್ಚಬಾರದು ಎಂದು ನಮ್ಮ ಯಜಮಾನರ ಹತ್ತಿರ ಹಲುಬುತ್ತಲೇ ಇದ್ದೆ. ಮೇ ತಿಂಗಳ ಕೊನೆಯಲ್ಲಿ, ಶಾಲೆ ತೆರೆಯಲು ಇನ್ನು ಕೆಲವೇ ದಿನ ಇದ್ದಾಗ, ಮೂವರೂ ಹೊರಟೆವು. “ಮಳೆ ಎಲ್ಲಿಂದ ಬತ್ತದೆ ಅಂತ ತೋರಿಸ್ತೀನಿ ಬಾ,” ಎಂದು ಹುಡುಗನಿಗೆ ಆಸೆ ಹಚ್ಚಿದ್ದೆ.

ಎಲ್ಲರೂ ರಾತ್ರಿ ಬಸ್ಸು ಹತ್ತಿ ಎಂದರು. ನಾನು ಹಟ ಹಿಡಿದು ಹಗಲು ಬಸ್ಸನ್ನೇ ಹತ್ತಿಸಿದೆ. ಮೈಸೂರಿನಿಂದ ಮಂಗಳೂರಿಗೆ ಹಗಲು ಹೋದರೆ ಹವಾಮಾನದ ಪಾಠ ಕಿಟಕಿಯಲ್ಲೇ ನಡೆಯುತ್ತದೆ. ಹುಣಸೂರಿನ ಸುತ್ತ ಕೆಂಪು ಹೊಲ, ಹೊಗೆಸೊಪ್ಪು. ನಮ್ಮ ಕಡೆಯದೇ ಒಣ ಗಾಳಿ. ಕುಶಾಲನಗರ ಕಳೆದ ಮೇಲೆ ಮರಗಳು ದಟ್ಟವಾದವು. ಮಡಿಕೇರಿಯಲ್ಲಿ ಮೊಮ್ಮಗ ಸ್ವೆಟರ್ ಕೇಳಿದ. ಅಲ್ಲಿಂದ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಗುಂಯ್ ಎಂದಿತು. ಕೆಳಗೆ ಬಂದು ಬಸ್ಸು ನಿಂತಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಸ್ವೆಟರ್ ಮತ್ತೆ ಚೀಲ ಸೇರಿತು.

“ಈಗ ಇಳಿದೆವಲ್ಲ, ಇದೇ ಗೋಡೆ,” ಎಂದರು ನಮ್ಮವರು. ಪಶ್ಚಿಮ ಘಟ್ಟ ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1,600 ಕಿಲೋಮೀಟರ್ ಉದ್ದ ನಿಂತಿದೆ. ಗೋಡೆಯ ಆಚೆಗೆ ನಾವು, ಈಚೆಗೆ ಸಮುದ್ರ. ಮಾರನೇ ದಿನ ಮಂಗಳೂರಿನಿಂದ ಕೊಂಕಣ ರೈಲು. ಹೊನ್ನಾವರದಲ್ಲಿ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಹುಡುಗ ಕಂಬ ಎಣಿಸಲು ಹೋಗಿ ಲೆಕ್ಕ ತಪ್ಪಿಸಿಕೊಂಡ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ಊರೊಳಗೆ ಹೋಗುವಷ್ಟರಲ್ಲಿ ಮೂವರ ಬಟ್ಟೆಯೂ ಬೆನ್ನಿಗೆ ಅಂಟಿತ್ತು.

ಗೋಕರ್ಣ ದೊಡ್ಡ ಊರಲ್ಲ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ನಡುವೆ ಒಂದಿಷ್ಟು ನೆಲ. ಕೆಂಪು ಚಿರೇಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡು, ಮುಂದಕ್ಕೆ ಚಾಚಿದ ಸೂರು. ನಮ್ಮ ಕಡೆಯ ಹಳೇ ಮನೆಗಳ ಮಣ್ಣಿನ ತಾರಸಿ ಇಲ್ಲಿಯ ಒಂದು ವಾರದ ಮಳೆಗೂ ತಡೆಯಲಾರದು. ಮನೆಗಳನ್ನು ನೋಡಿದರೇ ಆ ಊರಿನ ಮಳೆ ಎಷ್ಟೆಂದು ಹೇಳಿಬಿಡಬಹುದು.

ರಥಬೀದಿಯ ಹತ್ತಿರ ಒಂದು ಮನೆಯಲ್ಲಿ ಇಳಿದುಕೊಂಡೆವು. ಬೆಳಿಗ್ಗೆ ಕೋಟಿತೀರ್ಥದಲ್ಲಿ ಕಾಲು ತೊಳೆದು, ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಒಳಗೆ ಹೋಗಬೇಕು. ಮೊಮ್ಮಗನಿಗೆ ಪಂಚೆ ಉಡಿಸಿದ್ದು ಅದೇ ಮೊದಲು. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡೇ ದೇವರಿಗೆ ನಮಸ್ಕಾರ ಮಾಡಿದ!

ಹೊರಗೆ ಬಂದು ಜಗಲಿ ಮೇಲೆ ಕೂತಾಗ ಅವನಿಗೆ ಆತ್ಮಲಿಂಗದ ಕಥೆ ಹೇಳಿದೆ. ರಾವಣ ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟಿದ್ದು, ಎಲ್ಲೂ ನೆಲಕ್ಕೆ ಇಡಬಾರದೆಂಬ ಮಾತು, ಇಲ್ಲಿಗೆ ಬಂದಾಗ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ್ದು. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಹೊರಟ. ಲಿಂಗವನ್ನು ದನ ಕಾಯುವ ಹುಡುಗನ ಕೈಗೆ ಕೊಟ್ಟ. ಆ ಹುಡುಗನೇ ಗಣಪತಿ. ಮೂರು ಸಲ ಕೂಗಿದ, ರಾವಣ ಬರಲಿಲ್ಲ, ಕೆಳಗೆ ಇಟ್ಟುಬಿಟ್ಟ. ರಾವಣ ಓಡಿಬಂದು ಎಳೆದರೆ ಲಿಂಗ ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತೇ ಹೊರತು ಮೇಲೆ ಬರಲಿಲ್ಲ. ಗೋವಿನ ಕರ್ಣ, ಗೋಕರ್ಣ. ಸಿಟ್ಟಿನಲ್ಲಿ ರಾವಣ ಗುದ್ದಿದ ಗುರುತು ಗಣಪತಿಯ ತಲೆ ಮೇಲೆ ಇಂದಿಗೂ ಇದೆ ಎನ್ನುತ್ತಾರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ ರಾವಣ. ಆಕಾಶ ನೋಡಿ ಮೋಸ ಹೋದ,” ಎಂದ.

ನನಗೆ ಮಾತು ಹೊರಡಲಿಲ್ಲ. ನಮ್ಮವರು ನನ್ನ ಮುಖ ನೋಡಿ, “ನಡೀರಿ, ಎಳನೀರು ಕುಡಿಯೋಣ,” ಎಂದು ಎಬ್ಬಿಸಿದರು.

ಆ ದಿನ ಮಧ್ಯಾಹ್ನ ನನಗೂ ಸೀರೆಗೂ ಜಗಳ. ಬೆಳಿಗ್ಗೆ ಒಗೆದು ಹರವಿದ ಸೀರೆ ಮೂರು ಗಂಟೆಯಾದರೂ ಒದ್ದೆ. ಸುತ್ತೂರಿನಲ್ಲಾದರೆ ಹೊಳೆಯ ಬಂಡೆ ಮೇಲೆ ಹರವಿ, ಇನ್ನೊಂದು ಸೀರೆ ಒಗೆಯುವಷ್ಟರಲ್ಲಿ ಮೊದಲನೆಯದು ಗರಿಗರಿ. ಲೆಕ್ಕಕ್ಕೆ ನೋಡಿದರೆ ಬೇಸಗೆಯ ಬಿಸಿಲು ನಮ್ಮಲ್ಲೇ ಹೆಚ್ಚು. ಪಾದರಸ 36, 37 ಡಿಗ್ರಿ ಮುಟ್ಟುತ್ತದೆ. ಗೋಕರ್ಣದಲ್ಲಿ ಸಾಮಾನ್ಯವಾಗಿ 33, 34. ಆದರೂ ಬೆವರು ಆರುವುದಿಲ್ಲ, ಸೀರೆ ಒಣಗುವುದಿಲ್ಲ.

ಮನೆಯಾಕೆ ನಕ್ಕರು. “ಗಾಳಿಯಲ್ಲೇ ನೀರು ತುಂಬಿಕೊಂಡದೆ ಅಮ್ಮಾ, ನಿಮ್ಮ ಸೀರೆ ನೀರನ್ನ ಎಲ್ಲಿ ಇಟ್ಕೊಳ್ಳೂದು ಅದು? ಮಳೆಗಾಲದಲ್ಲಿ ನಾವು ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸೂದು.” ಕುಡಿಯಲು ಮುರುಗಲು ಹಣ್ಣಿನ ಪಾನಕ ಕೊಟ್ಟರು. ಆ ಸೆಕೆಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸತೊಡಗಿತು. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ಒಳಕ್ಕೆ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ತಿರುಗಿ ಕಡಲಿಗೆ ಹೋಗುತ್ತದೆ. ದಿನಕ್ಕೊಮ್ಮೆ ನಡೆಯುವ ಈ ಹೋಗಿ ಬರುವ ಆಟವನ್ನೇ ಇಡೀ ದೇಶದಷ್ಟು ದೊಡ್ಡದು ಮಾಡಿ, ಬೇಸಗೆಯೆಲ್ಲ ಕಾದ ನೆಲವನ್ನೂ ಇಡೀ ಅರಬ್ಬಿ ಸಮುದ್ರವನ್ನೂ ಎದುರುಬದುರು ನಿಲ್ಲಿಸಿದರೆ ಸುಮಾರಾಗಿ ಅದೇ ಮುಂಗಾರು. ನಿಜವಾದ ಮುಂಗಾರಿನಲ್ಲಿ ಇನ್ನೂ ಬೇಕಾದಷ್ಟು ಗೋಜಲು ಇದೆ. ನಾಲ್ಕನೇ ಕ್ಲಾಸಿನವನಿಗೆ ಇಷ್ಟು ಸಾಕು, ನನಗೂ ಸಾಕು.

ಮಾರನೇ ದಿನ ಆಟೋ ಮಾಡಿಕೊಂಡು ಸಾಣಿಕಟ್ಟಾಕ್ಕೆ ಹೋದೆವು. ಗೋಕರ್ಣಕ್ಕೆ ಹೋದವರು ಓಂ ಬೀಚು, ಕುಡ್ಲೆ ಬೀಚು ನೋಡಿ ಬರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ದಯವಿಟ್ಟು ಸಾಣಿಕಟ್ಟಾ ತೋರಿಸಿ. ಅಘನಾಶಿನಿಯ ಅಳಿವೆಯಿಂದ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ನಮ್ಮ ಗದ್ದೆಯ ಪಾತಿಗಳ ಹಾಗೆ ಕಟ್ಟಿದ ಮಡಿಗಳಲ್ಲಿ ತೆಳ್ಳಗೆ ನಿಲ್ಲಿಸುತ್ತಾರೆ. ಬಿಸಿಲು, ಗಾಳಿ ಎರಡೇ ಸೇರಿ ಉಪ್ಪು ಮಾಡುತ್ತವೆ. ಬೆಂಕಿ ಬೇಡ, ಯಂತ್ರ ಬೇಡ. ಜನವರಿಯ ಹೊತ್ತಿಗೆ ಶುರುವಾದ ಹಂಗಾಮು ಮಳೆ ಬೀಳುವವರೆಗೆ ಮಾತ್ರ. ನಾವು ಹೋದಾಗ ಕೊನೆಯ ಗುಡ್ಡೆಗಳನ್ನು ಒಟ್ಟುತ್ತಿದ್ದರು. ಒಬ್ಬರು ಹಿರಿಯರು ಮಡಿಯಂಚಿನಲ್ಲಿ ನಿಂತು ಪಶ್ಚಿಮದ ಕಡೆ ನೋಡಿ, “ಇವತ್ತೋ ನಾಳೆಯೋ ಬಂತು. ಬಂದರೆ ನಮ್ಮ ಕೆಲಸ ಮುಗೀತು,” ಎಂದರು.

ನನ್ನಂಥ ರೈತಳಿಗೆ ಬೆರಗೆನಿಸಿದ್ದು ಇನ್ನೊಂದು. ಅಘನಾಶಿನಿಯ ಅಂಚಿನ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ‘ಕಗ್ಗ’ ಎಂಬ ಭತ್ತ ಬೆಳೆಯುತ್ತಾರೆ. ನೆರೆಯಲ್ಲಿ ನಿಂತರೂ ಸಾಯದ, ಉಪ್ಪುನೀರು ತಾಕಿದರೂ ತಡೆದುಕೊಳ್ಳುವ ತಳಿ. ನಮ್ಮ ಭತ್ತಕ್ಕೆ ಉಪ್ಪು ಮುಟ್ಟಿದರೆ ಮೂರೇ ದಿನಕ್ಕೆ ಕೆಂಪು. ಒಂದು ಹಿಡಿ ಬೀಜ ಕೇಳಬೇಕೆನಿಸಿತು. ಕಪಿಲೆ ದಂಡೆಗೆ ತಂದು ಮಾಡುವುದೇನು ಎಂದು ಸುಮ್ಮನಾದೆ.

ಮೊಮ್ಮಗ ಒಂದು ಹರಳು ಉಪ್ಪು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ಕೇಳಿದ: “ಅಜ್ಜಿ, ಉಪ್ಪು ಇಲ್ಲೇ ಉಳೀತು. ನೀರು ಎಲ್ಲಿ ಹೋಯ್ತು?”

ಇದೇ ಪ್ರಶ್ನೆಗಾಗಿ ನಾನು ಸುತ್ತೂರಿನಿಂದ ಕಾಯುತ್ತಿದ್ದೆ.

“ಮೇಲಕ್ಕೆ ಹೋಯ್ತು. ಉಪ್ಪು ಭಾರ, ಹೋಗಕ್ಕಾಗಲಿಲ್ಲ. ಬರೀ ನೀರು ಹಬೆಯಾಗಿ ಗಾಳಿ ಸೇರ್ಕೊಂಡಿತು. ನನ್ನ ಸೀರೆ ಒಣಗಕ್ಕೆ ಬಿಡದೇ ಇರೋದು ಅದೇ ನೀರು. ಈ ಮಡಿ ಎಷ್ಟು ಚಿಕ್ಕದು! ಅಷ್ಟು ದೊಡ್ಡ ಸಮುದ್ರದಿಂದ ಎಷ್ಟು ಹೋಗಬೇಡ? ಅದನ್ನ ಹೊತ್ಕೊಂಡು ಗಾಳಿ ಘಟ್ಟದ ಗೋಡೆಗೆ ಹೋಗಿ ಬಡಿಯುತ್ತೆ. ಗೋಡೆ ಹತ್ತಬೇಕು, ಮೇಲೆ ತಣ್ಣಗಿದೆ, ಮಡಿಕೇರೀಲಿ ಸ್ವೆಟರ್ ಕೇಳಲಿಲ್ವಾ ನೀನು? ತಣ್ಣಗಾದ ತಕ್ಷಣ ಹೊರೆ ಇಳಿಸುತ್ತೆ. ಅದೇ ಮಳೆ.”

ಈ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಬಿದ್ದ ನೀರು ಹರಿಯದೆ, ಇಂಗದೆ ಹಾಗೇ ನಿಂತರೆ ನಮ್ಮ ಮನೆಯ ಬಾಗಿಲು ಪೂರ್ತಿ ಮುಳುಗುತ್ತದೆ. ಸುತ್ತೂರಿನ ಮಳೆ ಏಳೆಂಟು ನೂರು ಮಿಲಿಮೀಟರ್, ಹುಡುಗನ ಸೊಂಟದವರೆಗೆ. ಗೋಡೆ ಹತ್ತಿ ಇಳಿಯುವಷ್ಟರಲ್ಲಿ ಗಾಳಿಯ ಚೀಲ ಹೆಚ್ಚುಕಡಿಮೆ ಖಾಲಿ. ನಮಗೆ ಸಿಗುವುದು ತಳದಲ್ಲಿ ಉಳಿದ ತುಂತುರು. ಗೋಕರ್ಣದಲ್ಲಿ ಜೂನ್, ಜುಲೈ, ಆಗಸ್ಟ್ ಎಂದರೆ ಹಗಲು ರಾತ್ರಿ ಜಡಿಮಳೆ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಸೋನೆ. ನಮ್ಮ ದೊಡ್ಡ ಮಳೆಗಳೆಲ್ಲ ಮೇ ತಿಂಗಳ ಗುಡುಗಿನವು, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರಿನವು.

“ಹಂಗಾದ್ರೆ ಆಗಸ್ಟ್‌ನಲ್ಲಿ ನಮ್ಮ ಹೊಳೆಗೆ ನೀರು ಎಲ್ಲಿಂದ ಬಂತು?”

ಮರಳು ಮಿಶ್ರಿತ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಇಲ್ಲಿಂದ ಕಡಲಂಚಿನಲ್ಲೇ ದಕ್ಷಿಣಕ್ಕೆ ಹೋದರೆ ಕೋಳಿಕ್ಕೋಡು. ಅದರ ಹಿಂದಿನ ಘಟ್ಟದ ನೆತ್ತಿಯಲ್ಲಿ ವಯನಾಡು. ಅಲ್ಲಿಯ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿದು ಬಂದ ಸಮುದ್ರಕ್ಕೇ ವಾಪಸ್ ಹೋಗುತ್ತವೆ. ಮೂರೇ ಮೂರು ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತವೆ. ಆ ಮೂರರಲ್ಲಿ ನಮ್ಮ ಕಪಿಲೆ ಒಬ್ಬಳು; ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಕಬಿನಿ ಆಗುತ್ತಾಳೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ತಿಯಾದ ಅಣೆಕಟ್ಟು ಅವಳನ್ನು ತಡೆದು ನಿಲ್ಲಿಸುತ್ತದೆ. ಆದರೆ 2,284 ಅಡಿ ಮಟ್ಟ ತುಂಬಿತೆಂದರೆ ಬಂದ ನೀರನ್ನೆಲ್ಲ ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಬಿಟ್ಟದ್ದು ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಹೆಚ್ಚು. ನಂಜನಗೂಡಿನ ಹದಿನಾರು ಕಾಲಿನ ಮಂಟಪ ಮುಳುಗಿತು, ಅದಾದ ಮೇಲೆ ನಮ್ಮ ಕೊಟ್ಟಿಗೆ.

ಅವನು ಕಡ್ಡಿ ಕಸಿದುಕೊಂಡು ಗೆರೆಯನ್ನು ನರಸೀಪುರದವರೆಗೆ ಎಳೆದ. “ಆಮೇಲೆ?” ಆಮೇಲೆ ಕಾವೇರಿ, ತಮಿಳುನಾಡು, ಪೂಂಪುಹಾರ್, ಬಂಗಾಳ ಕೊಲ್ಲಿ. ಒಂದು ಸಮುದ್ರದಿಂದ ಎದ್ದ ನೀರು ನಮ್ಮ ಹಿತ್ತಲು ಹಾದು ಇನ್ನೊಂದು ಸಮುದ್ರಕ್ಕೆ ಹೋಗುತ್ತದೆ ಎಂಬುದು ಅವನಿಗೆ ಎಷ್ಟು ಹಿಡಿಸಿತೆಂದರೆ, ಆಟೋದವರಿಗೂ ಅದನ್ನು ವಿವರಿಸಿದ.

ಆ ಸಂಜೆ ಊರಿನ ಮುಂದಿನ ಕಡಲ ದಂಡೆಯಲ್ಲಿ ಕೂತಿದ್ದೆವು. ಅಲೆ ಜೋರಿತ್ತು, ಯಾರನ್ನೂ ನೀರಿಗೆ ಬಿಡುತ್ತಿರಲಿಲ್ಲ. ದೋಣಿಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಜೂನ್ ಒಂದರಿಂದ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ಕಡಲಿಗೂ ಸಿಟ್ಟಿನ ಕಾಲ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಶಿವರಾತ್ರಿಯ ದೊಡ್ಡ ತೇರೂ ಸರಿ, ನಮ್ಮ ನಂಜನಗೂಡಿನ ಪಂಚ ಮಹಾರಥವೂ ಸರಿ, ಮಳೆಗೆ ಮುಂಚೆಯೇ ನಡೆದುಬಿಡುತ್ತವೆ. ಹಿಂದಿನವರು ಪಂಚಾಂಗ ಬರೆಯುವಾಗ ಒಂದು ಕಣ್ಣು ಆಕಾಶದ ಮೇಲೆ ಇಟ್ಟಿದ್ದರೇನೋ.

ಆಗ ಹುಡುಗ ಕೇಳಿಯೇ ಬಿಟ್ಟ. “ಅಜ್ಜಿ, ಆ ಗೆರೆ ಬಗ್ಗೆ ಕೇಳಿದ್ರೆ ನೀನ್ಯಾಕೆ ಸಪ್ಪಗಾಗ್ತೀಯ?”

ಹೇಳಿದೆ. ಆವತ್ತು ಮಧ್ಯಾಹ್ನವೇ ಆಟೋಗೆ ಮೈಕು ಕಟ್ಟಿಕೊಂಡು ಬಂದು, ಹೊಳೆ ದಂಡೆಯವರು ದನಕರು ಮೇಲಕ್ಕೆ ಸಾಗಿಸಿ ಎಂದು ಕೂಗಿದ್ದರು. ನಾನು ಅಂಗಳಕ್ಕೆ ಬಂದು ಆಕಾಶ ನೋಡಿದೆ. ಆಶ್ಲೇಷ ಮಳೆಯ ಸೋನೆ, ಅಷ್ಟೇ. ಮೋಡದ ಸಂದಿಯಲ್ಲಿ ಬಿಸಿಲೂ ಇಣುಕಿತು. “ಇಷ್ಟಕ್ಕೆಲ್ಲ ಹೊಳೆ ಉಕ್ಕುತ್ತಾ? ಬೆಳಿಗ್ಗೆ ನೋಡೋಣ,” ಎಂದೆ. ನಮ್ಮವರು ಎರಡು ಸಲ ಹೇಳಿದರು, ನಾನು ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಕೊಟ್ಟಿಗೆಯಲ್ಲಿ ನೀರು. ಹಸುವಿನ ಹಗ್ಗ ಕೊಯ್ದು ಹೊರಕ್ಕೆ ಹೊಡೆದೆವು, ಅದು ಈಜಿ ದಿಣ್ಣೆ ಸೇರಿತು. ಒಳಗಡೆ ಗೂಟಕ್ಕೆ ಇಪ್ಪತ್ತು ದಿನದ ಕರು ಕಟ್ಟಿತ್ತು. ಕೈಗೆ ಹಗ್ಗ ಸಿಕ್ಕಿತ್ತು, ಕರು ಸಿಗಲಿಲ್ಲ.

ಅವನು ಏನೂ ಅನ್ನಲಿಲ್ಲ. ಮರಳಿನ ಮೇಲೆ ನನಗೆ ಇನ್ನಷ್ಟು ಒತ್ತಿಕೊಂಡು ಕೂತ. ತುಂಬಾ ಹೊತ್ತಾದ ಮೇಲೆ, “ಆ ನೀರೂ ಇಲ್ಲಿಂದಲೇ ಹೋಗಿದ್ದಾ?” ಎಂದು ಸಮುದ್ರದ ಕಡೆ ಕೈ ತೋರಿದ.

“ಹೂಂ. ಇಲ್ಲಿಂದಲೋ, ಇನ್ನೂ ದೂರದಿಂದಲೋ.”

ಅಷ್ಟರಲ್ಲಿ ಕಡಲಿನ ಅಂಚು ಮಸಿ ಬಳಿದ ಹಾಗೆ ಕಪ್ಪಾಯಿತು. ಗಾಳಿ ಒಂದು ಕ್ಷಣ ನಿಂತಿತು. ಆಮೇಲೆ ತಣ್ಣನೆಯ ಬೀಸು, ಅದರ ಹಿಂದೆ ನೀರಿನ ಮೇಲೆ ಬಿಳಿಯ ಪರದೆ ಓಡಿಬರುವುದು ಕಣ್ಣಿಗೇ ಕಾಣಿಸಿತು. ನಾವು ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆ. ಇದು ಮುಂಗಾರೋ, ಅದಕ್ಕೆ ಮುಂಚಿನ ಅಡ್ಡಮಳೆಯೋ ಎಂದು ಚಹಾ ಅಂಗಡಿಯಲ್ಲಿ ಇಬ್ಬರು ವಾದ ಮಾಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ರೋಹಿಣಿ ಮಳೆ. ಹುಡುಗ ನಾಲಿಗೆ ಚಾಚಿ ಸೂರಿನಿಂದ ಬೀಳುವ ನೀರು ನೆಕ್ಕಿ ನೋಡಿ, “ಉಪ್ಪಿಲ್ಲ ಅಜ್ಜಿ!” ಎಂದು ಕೂಗಿದ. ಸಾಣಿಕಟ್ಟಾದ ಹಿರಿಯರ ನೆನಪಾಯಿತು. ಗುಡ್ಡೆಗಳಿಗೆಲ್ಲ ಮುಚ್ಚಿಗೆ ಹಾಕಿ ಮುಗಿಸಿದ್ದರೋ ಇಲ್ಲವೋ.

ಒದ್ದೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಊರಿಗೆ ಬಂದೆವು. ಸುತ್ತೂರಿನಲ್ಲಿ ಅರ್ಧ ಗಂಟೆಗೆ ಒಣಗಿದವು.

ಜುಲೈ ಬಂತು. ನಮ್ಮಲ್ಲಿ ಹನಿ ಇಲ್ಲ. ಒಂದು ಸಂಜೆ ಮೊಮ್ಮಗ ಶಾಲೆಯಿಂದ ಬಂದವನೇ ಬ್ಯಾಗು ಎಸೆದು ತಾತನ ಫೋನು ಹಿಡಿದುಕೊಂಡು ಕೂತ. ವಯನಾಡಿನಲ್ಲಿ ಭಾರಿ ಮಳೆ, ಕಬಿನಿಯ ಹೊರಹರಿವು ಏರುತ್ತಿದೆ ಎಂದು ಸುದ್ದಿ ಇತ್ತು. ಅಣೆಕಟ್ಟಿನಲ್ಲಿ ಬಿಟ್ಟ ನೀರು ನಮ್ಮೂರು ಮುಟ್ಟಲು ಹೊತ್ತು ಬೇಕು. ನಾನು ಅಭ್ಯಾಸಬಲದಿಂದ ಅಂಗಳಕ್ಕೆ ಬಂದು ತಲೆ ಎತ್ತಿದೆ. ತಿಳಿ ಬಿಸಿಲು, ಹತ್ತಿಯಂಥ ಎರಡು ಮೋಡ.

“ಮೇಲೆ ನೋಡ್ಬೇಡ ಅಜ್ಜಿ,” ಎನ್ನುತ್ತಾ ಅವನು ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿದ. ಕರು ದಿಣ್ಣೆ ಹತ್ತಲು ಒಪ್ಪಲಿಲ್ಲ, ಮುಂಗಾಲು ಊರಿ ನಿಂತುಬಿಟ್ಟಿತು. ಅವನು ಜೇಬಿನಿಂದ ಬೆಲ್ಲದ ಚೂರು ತೆಗೆದು ಅದರ ಮೂತಿಯ ಮುಂದೆ ಹಿಡಿದ. ನಾನು ಹಿಂದಿನಿಂದ ತಳ್ಳಿದೆ.